ಮರಕ್ಕೆ ಕಟ್ಟಿದ ಜೀನು

ನಾನು ಒಂದು ಜೀನು. ಆದರೆ ಕುದುರೆಯ ಬೆನ್ನನ್ನು ನಾನು ಒಂದು ದಿನವೂ ಕಂಡಿಲ್ಲ. ನನ್ನನ್ನು ಹೊಲಿದದ್ದು ಮರಕ್ಕೆ ಕಟ್ಟಿಕೊಂಡು ಕೂರುವುದಕ್ಕೆ. ಹುಣಸೂರಿನ ಜೀನಗಾರ ತಿಮ್ಮಣ್ಣ ಹಳೆಯ ಮಿಲಿಟರಿ ಡೇರೆಯ ಬಟ್ಟೆಯನ್ನು ಕತ್ತರಿಸಿ, ಎರಡು ಮಡಿಕೆ ಮಾಡಿ, ಅಂಚಿಗೆ ಚರ್ಮದ ಪಟ್ಟಿ ಕೊಟ್ಟು, ಮೇಣ ಹಚ್ಚಿದ ದಾರದಲ್ಲಿ ಮೂರು ದಿನ ಹೊಲಿದ. ನನ್ನನ್ನು ಸೊಂಟಕ್ಕೆ ಸುತ್ತಿಕೊಂಡು, ನನ್ನ ಹಗ್ಗವನ್ನು ಕಾಂಡಕ್ಕೆ ಬಳಸಿ ಕಟ್ಟಿ, ಹಿಂದಕ್ಕೆ ವಾಲಿದರೆ ಸಾಕು. ಕಾಲು ಮರಕ್ಕೆ, ಕುಂಡೆ ನನಗೆ.

ಮಾಡಿಸಿದವನು ಬೆಟ್ಟೇಗೌಡ. ಕಾಡಂಚಿನ ಊರಿನಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದವನು. ಆಗ ಬೇಟೆಗೆ ಸರ್ಕಾರವೇ ಪರವಾನಗಿ ಕೊಡುತ್ತಿತ್ತು. ಅವನಿಗೆ ಹದಿನೈದು ದಿನದ ಮಟ್ಟಿಗೆ ಕೊಂಬಿರುವ ಒಂದು ಗಂಡು ಜಿಂಕೆ ಮಂಜೂರಾಗಿತ್ತು. ಅಷ್ಟಾದರೆ ಸುಮ್ಮನಿರಬಹುದಿತ್ತು. ಮಗಳು ದೇವೀರಮ್ಮನ ಮದುವೆಯಲ್ಲಿ, ಎಲ್ಲರೂ ಎಲೆಯಡಿಕೆ ಹಾಕಿಕೊಂಡು ಕೂತಿದ್ದಾಗ, ಬೀಗರೂಟಕ್ಕೆ ಜಿಂಕೆ ಬಾಡನ್ನೇ ಬಡಿಸುತ್ತೇನೆಂದು ಹೇಳಿಬಿಟ್ಟ. ಬೀಗರು ಕರೀಗೌಡರು ಅದನ್ನು ಮೂರು ಊರಿಗೆ ಹೇಳಿದರು. ಮಾತು ತಪ್ಪಿದರೆ ಅವನಿಗೇನೂ ಆಗುವುದಿಲ್ಲ. ಅತ್ತೆಮನೆಯಲ್ಲಿ ಬದುಕಬೇಕಾದವಳು ಮಗಳು. 'ನಿಮ್ಮಪ್ಪನ ಬಾಯಿ ದೊಡ್ಡದು' ಎಂದು ಅವಳು ಕೊನೆತನಕ ಕೇಳಿಸಿಕೊಳ್ಳಬೇಕು.

ಜಿಂಕೆಗಳು ಒಂದೇ ಕಡೆ ನಿಲ್ಲುವುದಿಲ್ಲ. ಒಂದು ವಾರ ತಾರೆಕಾಯಿ ಉದುರುವ ಕಡೆ ಮೇಯುತ್ತವೆ, ಮುಂದಿನ ವಾರ ಹಳ್ಳದಾಚೆ ಅತ್ತಿಮರದ ಕೆಳಗಿರುತ್ತವೆ. ಮರದ ಮೇಲೆ ಕೂರಲು ಅಟ್ಟಣೆ ಕಟ್ಟಲು ಇಬ್ಬರಿಗೆ ಒಂದು ದಿನ ಬೇಕು, ಕಟ್ಟುವ ಸದ್ದಿಗೇ ಜಿಂಕೆ ಜಾಗ ಬಿಡುತ್ತದೆ. ಬಿದಿರೇಣಿ ಸೈಕಲ್ ಮೇಲೆ ಕೂರುವುದಿಲ್ಲ. ಕಾಂಡಕ್ಕೆ ಹೊಡೆದು ಹತ್ತಲು ಕಮ್ಮಾರ ಮಾಡಿಕೊಟ್ಟ ಕಬ್ಬಿಣದ ಮೆಟ್ಟುಗೂಟಗಳು ಆರು ಕಿಲೋ, ಸಾಲದ್ದಕ್ಕೆ ಒಂದಕ್ಕೊಂದು ತಾಗಿ ಸದ್ದು ಮಾಡುತ್ತವೆ. ಹೀಗೆ ಒಂದೊಂದನ್ನೇ ಬಿಟ್ಟು ಅವನು ನನಗೆ ಬಂದು ನಿಂತ.

ನಿಂತವನು ಅಲ್ಲಿಗೂ ಬಿಡಲಿಲ್ಲ. ಭಾವಮೈದ ಜವರಪ್ಪನ ದಿನಸಿ ಅಂಗಡಿಗೆ ಒಯ್ದು ನನ್ನನ್ನು ತಕ್ಕಡಿಗೆ ಹಾಕಿದ. ಒಂದೂವರೆ ಕಿಲೋ.

"ಜಾಸ್ತಿ ಆಯ್ತು" ಎಂದ.

"ನಿಮ್ ಹೊಟ್ಟೆನೂ ಒಂದ್ಸಲ ತೂಗ್ನೋಡಿ ಭಾವ" ಎಂದ ಜವರಪ್ಪ.

ಬೆಟ್ಟೇಗೌಡ ನನ್ನನ್ನು ವಾಪಸು ಜೀನಗಾರನ ಬಳಿಗೆ ತಂದು, ಹಿತ್ತಾಳೆ ಬಕಲ್ಲುಗಳನ್ನು ಬಿಚ್ಚಲು ಹೇಳಿದ. ಬದಲಿಗೆ ಹತ್ತಿಹಗ್ಗದ ಗಂಟು ಸಾಕಂತೆ. ಹತ್ತಿ ಹಗುರ, ಮರಕ್ಕೆ ಉಜ್ಜಿದರೂ ಸದ್ದಿಲ್ಲ.

"ಕುದುರೆಗೂ ಬಕಲ್ ಹಾಕ್ತೀವಲ್ಲ ಗೌಡ್ರೆ" ಎಂದ ತಿಮ್ಮಣ್ಣ.

"ಕುದುರೆ ಸೈಕಲ್ ತುಳಿಯಲ್ಲ ಕಣಯ್ಯ."

ಹೀಗೆ ನಾನು ಒಂದು ಕಿಲೋ ನೂರು ಗ್ರಾಮಿಗೆ ಇಳಿದೆ. ಅವನ ಕೈ ಅಲ್ಲಿಗೂ ನಿಲ್ಲಲಿಲ್ಲ. ತೋಟಾ ಐದರ ಬದಲು ಎರಡು. ಚೂರಿ ಬೇಕಾಗುವುದು ನೆಲದ ಮೇಲೆ, ಆದ್ದರಿಂದ ಅದು ಸೈಕಲ್ ಚೀಲದಲ್ಲೇ ಇರಲಿ. ಒಂದೊಂದೂ ತೂಕಕ್ಕೆ ಸರಿಯಾದ ಮಾತೇ. ಎಲ್ಲ ಸೇರಿದರೆ ಏನಾಗುತ್ತದೆ ಎಂದು ತಕ್ಕಡಿ ಹೇಳುವುದಿಲ್ಲ.

ಪರವಾನಗಿಯ ಹದಿಮೂರನೆಯ ದಿನ, ಬೀಗರೂಟಕ್ಕೆ ಎರಡು ದಿನ ಇರುವಾಗ, ಬೆಳಕು ಹರಿಯುವ ಮುಂಚೆ ಅವನು ಒಂದು ತಾರೆಮರ ಹತ್ತಿದ. ಮಾಘದ ಮಂಜು ಎಲೆಯಿಂದ ತೊಟ್ಟಿಕ್ಕುತ್ತಿತ್ತು. ನನ್ನ ಹಗ್ಗವನ್ನು ಒಂದು ಕವಲಿನ ಮೇಲೆ ಬರುವಂತೆ ಕಾಂಡಕ್ಕೆ ಬಿಗಿದು ಕೂತ. ನಾನು ಕಿರುಗುಟ್ಟಲಿಲ್ಲ. ಬಿಸಿಲು ಬರುವ ಹೊತ್ತಿಗೆ ಕೊಂಬಿನ ಗಂಡು ನಲವತ್ತು ಹೆಜ್ಜೆ ದೂರದಲ್ಲಿ ಬಂದು ನಿಂತಿತು. ಮೊದಲ ಗುಂಡು ಸೊಂಟಕ್ಕೆ ಬಿತ್ತು. ಜಿಂಕೆ ಕುಸಿಯಿತು, ಮತ್ತೆ ಎದ್ದಿತು. ಎರಡನೆಯ ಗುಂಡಿಗೆ ಮಲಗಿತು.

ಅವನು ನಕ್ಕ. ಇಳಿಯಲು ಗಂಟಿಗೆ ಕೈ ಹಾಕಿದ.

ಗಂಟು ಬಿಚ್ಚಲಿಲ್ಲ. ಎರಡು ಗಂಟೆ ಮಂಜು ಕುಡಿದ ಹತ್ತಿ ಊದಿಕೊಂಡು, ಅವನ ಭಾರಕ್ಕೆ ಬಿಗಿದು, ಕಲ್ಲಾಗಿತ್ತು. ಕವಲು ಅಡ್ಡವಿದ್ದುದರಿಂದ ಹಗ್ಗ ಕೆಳಗೆ ಜಾರುವಂತಿರಲಿಲ್ಲ. ಸೊಂಟದ ಗಂಟಾದರೂ ಬಿಚ್ಚೀತೇ ಎಂದು ನೋಡಿದ, ಅದೂ ಹಾಗೆಯೇ. ಉಗುರು ಕಿತ್ತುಬಂತು. ಹಲ್ಲಿನಲ್ಲಿ ಕಚ್ಚಿ ಎಳೆದ. ಚೂರಿ ಅರ್ಧ ಮೈಲಿಯಾಚೆ, ಸೈಕಲ್ಲಿನ ಚೀಲದಲ್ಲಿ.

ಸ್ವಲ್ಪ ಹೊತ್ತಿಗೆ ಸೀಳುನಾಯಿಗಳು ಬಂದವು. ಒಟ್ಟು ಏಳು. ಅವನು ಕೂಗಿದ, ಬೈದ, ಖಾಲಿ ತೋಟಾ ಎಸೆದ. ಅವು ತಲೆಯೆತ್ತಿ ಒಮ್ಮೆ ನೋಡಿದವು. ಮೇಲಿರುವ ಪ್ರಾಣಿ ಕೆಳಗೆ ಬರುವುದಿಲ್ಲ ಎಂದು ತಿಳಿದ ಮೇಲೆ ಹೊಟ್ಟೆಯ ಕಡೆಯಿಂದ ಶುರುಮಾಡಿದವು. ಅವನು ಅಷ್ಟೂ ಹೊತ್ತು ನನ್ನೊಳಗೆ ಕೂತು ನೋಡಿದ.

ಒಂಬತ್ತು ಗಂಟೆಗೆ, ಮೊದಲೇ ಹೇಳಿಟ್ಟಂತೆ, ಬಾಡು ಹೊರಲು ಜವರಪ್ಪ ಬಂದ. ಕೆಳಗೆ ಕೊಂಬು, ಗೊರಸು, ಒಂದಿಷ್ಟು ಚರ್ಮ. ಮೇಲೆ ಭಾವ.

"ಭಾವ, ಇಳೀತೀರೋ, ಊಟ ಅಲ್ಲಿಗೇ ತಂದ್ಕೊಡ್ಲೋ?"

"ಮುಚ್ಚೋ ಬಾಯಿ. ಹತ್ತಿ ಬಂದು ಹಗ್ಗ ಕೊಯ್ಯಿ."

ಊರಿಗೆ ಮರಳುವಾಗ ಜವರಪ್ಪ ಒಂದು ಉಪಾಯ ಹೇಳಿದ. "ಎರಡು ಹೋತ ಕಡಿಯವ. ಮೆಣಸು ಜಾಸ್ತಿ ಅರೆದ್ರೆ ಜಿಂಕೆ ಅಂದ್ರೂ ನಂಬ್ತಾರೆ. ಪುರಾವೆಗೆ ಕೊಂಬು ಅದೆಯಲ್ಲ." ಬೆಟ್ಟೇಗೌಡ ಬೇಡ ಎನ್ನಲಿಲ್ಲ. ಹೋತ ಕಡಿದರು. ಮೆಣಸನ್ನೂ ಜಾಸ್ತಿಯೇ ಅರೆದರು.

ಬೀಗರೂಟದ ದಿನ ನಾನು ಅಂಗಳದ ಮೂಲೆಯಲ್ಲಿ, ಸೈಕಲ್ ಹ್ಯಾಂಡಲ್ಲಿನ ಮೇಲೆ ಒಣಗುತ್ತಿದ್ದೆ. ಕರೀಗೌಡರು ಮೊದಲ ತುತ್ತು ಬಾಯಿಗಿಟ್ಟು, ನಿಧಾನವಾಗಿ ಅಗಿದು, ಕೇಳಿದರು.

"ಏನ್ ಬೀಗ್ರೆ, ನಿಮ್ ಕಾಡಲ್ಲಿ ಜಿಂಕೆಗೆ ಗಡ್ಡ ಬರ್ತದಾ?"

ಜವರಪ್ಪ ಕೊಂಬು ತರಲು ಒಳಗೆ ಓಡಿದ. ಬೆಟ್ಟೇಗೌಡ ಮಗಳ ಮುಖ ನೋಡಿದ. ಅವಳು ಅತ್ತೆಯ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಅವನು ನೆಟ್ಟಗೆ ಬಂದು ನನ್ನನ್ನು ಎತ್ತಿಕೊಂಡ, ಪಂಚೆಯ ಮೇಲೇ ಸೊಂಟಕ್ಕೆ ಸುತ್ತಿದ, ಕೊಯ್ದು ಉಳಿದ ಹಗ್ಗದಲ್ಲಿ ಅಂಗಳದ ಹೊಂಗೆಮರಕ್ಕೆ ಕಟ್ಟಿಕೊಂಡು ನೇತಾಡಿದ.

"ಹೋತ ಕಣ್ರಪ್ಪ. ಜಿಂಕೆ ನಾಯಿಗಳ ಪಾಲಾಯ್ತು. ನಾನು ಹಿಂಗೆ ಕೂತ್ಕಂಡು ನೋಡ್ತಿದ್ದೆ" ಎಂದು, ಬಕಲ್ಲಿನಿಂದ ಉಗುರಿನ ತನಕ ಒಂದನ್ನೂ ಬಿಡದೆ ಹೇಳಿದ.

ಮೊದಲು ನಕ್ಕದ್ದು ಅಡಿಗೆಯವರು. ಆಮೇಲೆ ಕರೀಗೌಡರು ಎಲೆಯ ಮುಂದೆ ಕೆಮ್ಮುವಷ್ಟು ನಕ್ಕರು. ಅವರ ಹೆಂಡತಿ ಮಾತ್ರ ನಗಲಿಲ್ಲ. ಸೊಸೆಯ ಕಡೆ ತಿರುಗಿ ಎಂದರು:

"ನಿಮ್ಮಪ್ಪಂಗೆ ಗಂಟು ಹಾಕೋದು ಮಾತ್ರ ಬರೋದು. ನಿಂಗೆ?"

"ಬಿಚ್ಚೋಕೂ ಬರ್ತದೆ ಅತ್ತೆ" ಎಂದಳು ದೇವೀರಮ್ಮ.

ಅತ್ತೆ, "ಬಾಯೂ ಬರ್ತದೆ" ಎಂದು, ತಮ್ಮ ಎಲೆಯಲ್ಲಿದ್ದ ಒಂದು ಒಳ್ಳೆಯ ತುಂಡನ್ನು ಅವಳ ಎಲೆಗೆ ಹಾಕಿದರು. ಆ ಮನೆಯಲ್ಲಿ ಜಿಂಕೆಯ ಮಾತು ಆಮೇಲೂ ಬರುತ್ತಿತ್ತು, ಆದರೆ ನಗುವುದಕ್ಕೆ.

ಮರುದಿನ ದೇವೀರಮ್ಮ ನನ್ನನ್ನು ಗಂಡನ ಮನೆಗೆ ಒಯ್ದಳು. ಅಪ್ಪ ಕೇಳಿದ್ದಕ್ಕೆ, "ನಿಮ್ಮತ್ರ ಇದ್ರೆ ಇನ್ನೊಂದ್ಸಲ ಹತ್ತೀರ" ಎಂದಳು. ತಿಮ್ಮಣ್ಣನಿಂದ ಬಕಲ್ ಹಾಕಿಸಿದಳು. ಗಂಡನ ಮನೆಯವರಿಗೆ ಹದಿನೇಳು ಹುಣಸೆಮರಗಳಿದ್ದವು. ಪ್ರತಿ ವರ್ಷ ಕಾಯಿ ಬಡಿಯುವಾಗ ಅವಳೇ ಹತ್ತುತ್ತಿದ್ದಳು. ಹೆಂಗಸು ಮರ ಹತ್ತುವುದಕ್ಕೆ ಊರು ಎರಡು ವರ್ಷ ಮಾತಾಡಿತು, ಮೂರನೆಯ ವರ್ಷ ತಮ್ಮ ಮರಕ್ಕೂ ಕರೆಯಿತು. ಅಷ್ಟರಲ್ಲಿ ಬೇಟೆ ನಿಷೇಧದ ಕಾನೂನು ಬಂದು ಬೆಟ್ಟೇಗೌಡನ ಕೋವಿ ಗೋಡೆಗೆ ಸೇರಿತು. ಅವನಿಗೆ ಅದರಿಂದ ದುಃಖವಾದಂತೆ ನನಗೆ ಕಾಣಲಿಲ್ಲ.

ಹತ್ತೊಂಬತ್ತು ಸುಗ್ಗಿ ಅವಳನ್ನು ಹೊತ್ತೆ. ಇಪ್ಪತ್ತನೆಯ ಸುಗ್ಗಿಗೆ ಅವಳು ನನ್ನನ್ನು ಕೆಳಗಿನ ಕೊಂಬೆಗೆ ಕಟ್ಟಿ, ಎರಡೂ ಕೈಯಲ್ಲಿ ಜಗ್ಗಿದಳು. ಒಂದು ಹೊಲಿಗೆ ಸಣ್ಣಗೆ ಸದ್ದು ಮಾಡಿತು. ಬೇರೆ ಯಾರಾದರೂ ಆಗಿದ್ದರೆ ಇದೊಂದು ವರ್ಷ ನಡೆಯಲಿ ಎನ್ನುತ್ತಿದ್ದರು. ಅವಳು ನನ್ನನ್ನು ಬಿಚ್ಚಿ, ಮಡಿಸಿ, ಅಟ್ಟದ ಮೇಲೆ ಹರಿದ ಗೋಣಿಗಳ ಜೊತೆ ಎಸೆದಳು. ಆವತ್ತೇ ಹೊಸದಕ್ಕೆ ಹೇಳಿಕಳಿಸಿದಳು.

ಈಗ ಇಲಿಗಳು ನನ್ನ ಚರ್ಮದ ಅಂಚನ್ನು ತಿನ್ನುತ್ತಿವೆ. ನನಗೆ ಬೇಸರವಿಲ್ಲ. ಮನುಷ್ಯರನ್ನು ಹೊರುವ ವಸ್ತು ಒಂದೋ ಯಾರಾದರೂ ಬಿದ್ದ ಮೇಲೆ ಮೂಲೆ ಸೇರುತ್ತದೆ, ಇಲ್ಲವೇ ಬೀಳುವ ಮೊದಲು. ನನ್ನನ್ನು ಅವಳು ಮೊದಲೇ ಸೇರಿಸಿದಳು.