ದೊಡ್ಡಕ್ಕನ ಮುಖ

“ಮುಖ ಎತ್ತು ಅಂದ್ರೆ ಎತ್ಬೇಕು! ನೆಲ ನೋಡ್ಕೊಂಡು ನಿಂತ್ರೆ ಅದಕ್ಕೇನು ಗೊತ್ತಾಗುತ್ತೆ, ನೀನು ಹೆಂಗಸೋ ಹೆಣವೋ ಅಂತ?”

ಗೇಟಿನ ಕಾವಲುಗಾರ ಕಿರುಚಿದ. ದೊಡ್ಡಕ್ಕ ಮುಖ ಎತ್ತಿದಳು. ಕಂಬಕ್ಕೆ ಬಿಗಿದಿದ್ದ ಅಂಗೈಯಗಲದ ಗಾಜು ಅವಳನ್ನು ನೋಡಿ ಕೆಂಪಗೆ ಮಿನುಗಿತು. “ಗುರುತು ಸಿಗುತ್ತಿಲ್ಲ. ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ” ಎಂದು ಒಂದು ಹೆಣ್ಣುದನಿ ಬೆಲ್ಲದಂತೆ ಹೇಳಿತು.

ಅವಳ ಎಡಗೆನ್ನೆಯಿಂದ ಗಲ್ಲದವರೆಗೆ ಚರ್ಮ ಸುಲಿದು ಹೋಗಿ ಹೊಸದು ಇನ್ನೂ ಹಸಿಹಸಿಯಾಗಿ ಕೂತಿತ್ತು. ಒಂದು ಹುಬ್ಬು ಸುಟ್ಟುಹೋಗಿತ್ತು. ಆ ಕಡೆಯ ಕಣ್ಣು ಅರ್ಧವೇ ತೆರೆಯುತ್ತಿತ್ತು. ತಲೆಬಟ್ಟೆ ತೆಗೆದು ನೋಡಿದಳು, ಬಲಗೆನ್ನೆ ತಿರುಗಿಸಿ ನೋಡಿದಳು, ಕೊನೆಗೆ ನಗಲೂ ನೋಡಿದಳು. ನಕ್ಕಾಗ ಕೆನ್ನೆ ಬಿರಿದು ಪ್ರಾಣ ಹೋದಂತಾಯಿತು. ಗಾಜು ಮಾತ್ರ ಕೆಂಪಗೇ ಇತ್ತು.

ಹಿಂದೆ ಸಾಲಿನಲ್ಲಿದ್ದವಳನ್ನು ಎಲ್ಲರೂ ಹಾರ್ನು ಎಂದೇ ಕರೆಯುತ್ತಿದ್ದರು. ಅವಳು ಬಾಯಿ ತೆರೆದರೆ ಒಗೆಯುವ ಮಿಷಿನ್ನುಗಳ ಗದ್ದಲವೂ ಅಡಗುತ್ತಿತ್ತು. “ಏಯ್, ಆ ಗಾಜಿಗೆ ಕಣ್ಣಿಲ್ಲ ಸರಿ, ನಿನ್ನ ಕಣ್ಣಿಗೇನು ಮಣ್ಣು ಬಿದ್ದಿದ್ಯಾ? ದೊಡ್ಡಕ್ಕ ಕಣೋ! ನಿನ್ನ ಅಂಗಿಗೆ ಗುಂಡಿ ಹೊಲ್ದು ಕೊಟ್ಟವ್ಳು!”

“ನಂಗೊತ್ತಿಲ್ವಾ?” ಎಂದ ಕಾವಲುಗಾರ. ಅವನ ದನಿ ಇಳಿಯಿತು. “ನಂಗೊತ್ತಿದ್ದು ಏನು ಕಿತ್ಕೊಳ್ಳೋದು? ಬಾಗ್ಲು ತೆಗೆಯೋದು ನಾನಲ್ಲ, ಅದು. ಪಕ್ಕಕ್ಕೆ ನಿಂತ್ಕೋ ದೊಡ್ಡಕ್ಕ. ಹಿಂದಿನೋರಿಗೆ ಹೊತ್ತಾಗುತ್ತೆ.”

ಅವಳು ಪಕ್ಕಕ್ಕೆ ನಿಂತಳು. ಅವಳ ಮುಂದೆಯೇ ಒಬ್ಬೊಬ್ಬರೂ ಮುಖ ತೋರಿಸಿ, ಹಸಿರು ಮಿನುಗಿಸಿಕೊಂಡು, ಅವಳತ್ತ ನೋಡಲಾರದೆ ಒಳಗೆ ಹೋದರು.

ಅದು ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆ. ರಕ್ತ, ಕೀವು, ಹೇಲು ಹೊತ್ತು ಬರುವ ಹಾಸುಬಟ್ಟೆಗಳು ಕುದಿನೀರಲ್ಲಿ ತಿರುಗಿ, ಹಿಂಡಿಕೊಂಡು, ಬಿಸಿ ಉರುಳೆಗಳ ನಡುವೆ ಇಸ್ತ್ರಿಯಾಗಿ, ಹಾಲಿನ ಕೆನೆಯಂತೆ ಮಡಚಿಕೊಂಡು ಹೊರಗೆ ಹೋಗುತ್ತಿದ್ದವು. ದೊಡ್ಡಕ್ಕ ಮೊದಲ ಉರುಳೆಯ ಮುಂದೆ ನಿಲ್ಲುತ್ತಿದ್ದವಳು. ತಲೆಯ ಮೇಲೆ ಹಬೆಯ ಪೈಪು ಹಾದುಹೋಗಿತ್ತು. ಅದು ಸೋರುತ್ತದೆ ಎಂದು ಅವಳು ಮೇಸ್ತ್ರಿಗೆ ಹೇಳಿ ಹೇಳಿ ಬಾಯಿ ಸೋತಿತ್ತು. ಅವನು ಪ್ರತಿ ಸಲವೂ ಚಿಂದಿ ಸುತ್ತಿ, ತಂತಿ ಬಿಗಿದು, “ಇನ್ನು ನಿನ್ನ ಮೊಮ್ಮಗಳ ಕಾಲಕ್ಕೂ ಏನಾಗಲ್ಲ” ಎನ್ನುತ್ತಿದ್ದ. ಅವಳಿಗೆ ಇನ್ನೂ ಮೊಮ್ಮಗಳು ಹುಟ್ಟಿರಲಿಲ್ಲ. ಪೈಪು ಒಡೆದೇ ಹೋಯಿತು.

ಒಗೆದ ಬಟ್ಟೆ ಸಾಗಿಸುವ ವ್ಯಾನಿನಲ್ಲೇ ಮೇಸ್ತ್ರಿ ಅವಳನ್ನು ಆಸ್ಪತ್ರೆಗೆ ಒಯ್ದಿದ್ದ. ದಾರಿಯುದ್ದಕ್ಕೂ ಅವಳ ಕೈ ಹಿಡಿದು ಒಂದೇ ಮಾತು: “ಮನೇಲಿ ಒಲೆ ಮೇಲಿನ ನೀರು ಬಿತ್ತು ಅಂತ ಹೇಳು. ನಿನ್ನ ಕೆಲಸಕ್ಕೇನೂ ಆಗದ ಹಾಗೆ ನಾನು ನೋಡ್ಕೋತೀನಿ.” ಉರಿಯ ನಡುವೆ ಅವಳು ಹೂಂ ಅಂದಳೋ ಉಹೂಂ ಅಂದಳೋ ಅವಳಿಗೇ ನೆನಪಿಲ್ಲ. ಎಚ್ಚರವಾದಾಗ ತಾನೇ ಇಸ್ತ್ರಿ ಮಾಡಿದ ಹಾಸಿನ ಮೇಲೆ ಮಲಗಿದ್ದಳು. ಮಡಿಕೆಯ ಗೆರೆ ಇನ್ನೂ ಮಾಸಿರಲಿಲ್ಲ.

ಮೊದಲಾದರೆ ಕೆಲಸಕ್ಕೆ ತೆಗೆದುಕೊಳ್ಳುವುದೂ ತೆಗೆದುಹಾಕುವುದೂ ಮೇಸ್ತ್ರಿಯ ನಾಲಿಗೆಯ ಮೇಲೆ ನಡೆಯುತ್ತಿತ್ತು. ಬೈದರೂ ಒಬ್ಬ ಮನುಷ್ಯ ಬೈಯುತ್ತಿದ್ದ, ಅತ್ತರೆ ಒಬ್ಬ ಮನುಷ್ಯನ ಮುಂದೆ ಅಳಬಹುದಿತ್ತು. ಈಗ ಗೇಟಿನ ಗಾಜು, ಮೇಸ್ತ್ರಿಯ ಫೋನು, ಊಟದ ಕೋಣೆಯ ಬಾಗಿಲು, ಸಾಮಾನಿಡುವ ಪೆಟ್ಟಿಗೆಯ ಬೀಗ, ಆಫೀಸಿನ ಪರದೆ ಎಲ್ಲವನ್ನೂ ಒಂದಕ್ಕೊಂದು ಪೋಣಿಸಿಬಿಟ್ಟಿದ್ದರು. ಒಂದು ಕಡೆ ಎಳೆದರೆ ಎಲ್ಲ ಕಡೆ ಬಿಗಿಯುತ್ತಿತ್ತು. ಯಾರನ್ನು ಕರೆಯಬೇಕು, ಎಲ್ಲಿ ನಿಲ್ಲಿಸಬೇಕು, ಯಾವಾಗ ಕಳಿಸಬೇಕು, ಎಲ್ಲವನ್ನೂ ಆ ಯಂತ್ರವೇ ನೋಡಿಕೊಳ್ಳುತ್ತಿತ್ತು. ಎಲ್ಲರ ಬಾಯಲ್ಲೂ ಅದರ ಹೆಸರು ‘ಅದು’ ಅಷ್ಟೇ.

ಹಿಂಬದಿಯ ಕಿಟಕಿಯಲ್ಲಿ ಆಫೀಸಿನ ಹುಡುಗಿ ಕೂತಿದ್ದಳು. ಒಳ್ಳೆಯ ಹುಡುಗಿ. ಎದ್ದು ನಿಂತು ಮಾತಾಡಿದಳು.

“ನೀವೇ ಕೆಲಸ ಬಿಟ್ಟಿದ್ದೀರಲ್ಲ ಅಮ್ಮ.”

“ನಾನೆಲ್ಲಿ ಬಿಟ್ಟೆ ತಾಯಿ? ಮುಖ ಬೆಂದು ಬಿದ್ದಿದ್ದೆ.”

“ಗೇಟಲ್ಲಿ ಮೂರು ದಿನ ನಿಮ್ಮ ಮುಖ ಬಂದಿಲ್ಲ. ಅದು ನಿಮ್ಮ ಫೋನಿಗೆ ಕೇಳಿದೆ, ಯಾಕೆ ಬಂದಿಲ್ಲ ಅಂತ. ನೀವು ಉತ್ತರ ಕೊಟ್ಟಿಲ್ಲ. ಕೊಡ್ಲಿಲ್ಲ ಅಂದ್ರೆ ಬಿಟ್ರು ಅಂತ ತಗೊಳ್ಳುತ್ತೆ.”

“ಫೋನು ನಿಮ್ಮ ಪೆಟ್ಟಿಗೇಲೇ ಇದೆ ಕಣಮ್ಮ. ಒಳಗೆ ತರ್ಬೇಡಿ ಅಂತ ನೀವೇ ಇಡಿಸ್ತೀರಿ. ಅದನ್ನಾದ್ರೂ ತೆಗೆಸಿಕೊಡು.”

ಹುಡುಗಿ ತುಟಿ ಕಚ್ಚಿದಳು. “ಆ ಪೆಟ್ಟಿಗೆ ತೆಗೆಯೋಕೆ ನಿಮ್ಮ ಮುಖ ಬೇಕು.”

ಬೇರೆ ಹೊತ್ತಾಗಿದ್ದರೆ ದೊಡ್ಡಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳೇನೋ.

“ಕೆಲಸದ ಜಾಗದಲ್ಲಿ ಏಟಾಯ್ತು ಅಂತ ಮೇಸ್ತ್ರಿ ಅವತ್ತೇ ಫೋನಲ್ಲಿ ಒತ್ತಿದ್ರೆ ಹೀಗಾಗ್ತಿರ್ಲಿಲ್ಲ” ಎಂದಳು ಹುಡುಗಿ. “ಅವತ್ತು ಇಲ್ಲಿ ಅಪಘಾತವೇ ಆಗಿಲ್ಲ ಅಂತಿದೆ.”

“ಆಗಿಲ್ವಾ? ನೋಡಿಲ್ಲಿ. ಪರದೆ ಬಿಟ್ಟು ಈ ಕಡೆ ನೋಡು.”

ಹುಡುಗಿ ನೋಡಿದಳು. ಕಣ್ಣು ತುಂಬಿಕೊಂಡಳು. ಮತ್ತೆ ಪರದೆಯ ಮೂಲೆಯತ್ತ ಕಣ್ಣು ಹಾಯಿಸಿದಳು. “ನನ್ನನ್ನೂ ಅದೇ ನೋಡ್ತಿರುತ್ತೆ ಅಮ್ಮ. ಒಬ್ರ ಹತ್ರಾನೇ ಜಾಸ್ತಿ ಹೊತ್ತು ಕೂತ್ರೆ ಕೇಳುತ್ತೆ.”

“ಹಂಗಾದ್ರೆ ಹೊಸದಾಗಿ ಸೇರಿಸ್ಕೋ. ಮೊದಲಿಂದ ಸೇರ್ಕೋತೀನಿ.”

“ಹೇಳದೆ ಬಿಟ್ಟೋರನ್ನ ಅದು ಮತ್ತೆ ತಗೊಳ್ಳಲ್ಲ.”

ಕಾವಲುಗಾರ ರಿಪೇರಿಯವನನ್ನು ಕಾಡಿಬೇಡಿ ಪೆಟ್ಟಿಗೆಯ ಬೀಗ ಬಿಚ್ಚಿಸಿ ಫೋನು ತಂದುಕೊಟ್ಟ. ಮನೆಗೆ ಬಂದು ಅದಕ್ಕೆ ಜೀವ ತುಂಬಿದರೆ ಟಣಟಣ ಎಂದು ಒಂದೇ ಸಮನೆ ಹೊಡೆದುಕೊಂಡಿತು. ಮಗಳು ಓದಿದಳು. “ನೀವು ಇಂದು ಕಾಣಲಿಲ್ಲ, ಎಲ್ಲ ಸರಿಯಿದೆಯೇ?” ಆಮೇಲೆ, “ನಿಮ್ಮ ಉತ್ತರಕ್ಕೆ ಕಾಯುತ್ತಿದ್ದೇವೆ.” ಆಮೇಲೆ, “ನಿಮ್ಮ ಮುಂದಿನ ಹಾದಿ ಸುಖಕರವಾಗಿರಲಿ.” ಕೊನೆಗೆ, “ನಮ್ಮೊಂದಿಗೆ ಕಳೆದ ದಿನಗಳಿಗೆ ಎಷ್ಟು ನಕ್ಷತ್ರ ಕೊಡುವಿರಿ?”

“ನಕ್ಷತ್ರನಾ?” ದೊಡ್ಡಕ್ಕನಿಗೆ ಅರ್ಥವಾಗಲಿಲ್ಲ.

“ಅಲ್ಲಿ ಹೆಂಗಿತ್ತು ಅಂತ ಹೇಳ್ಬೇಕಂತೆ ಅಮ್ಮ. ಚೆನ್ನಾಗಿತ್ತು ಅಂದ್ರೆ ಐದೂ ಒತ್ಬೇಕಂತೆ.”

“ಅವರಮ್ಮನ್ನ...” ಎಂದು ಶುರುಮಾಡಿದ ದೊಡ್ಡಕ್ಕ ಬಾಯಿ ತೆರೆದದ್ದಕ್ಕೇ ಕೆನ್ನೆ ಎಳೆದು, ಬೈಗುಳವನ್ನೂ ಪೂರ್ತಿ ಮಾಡಲಾಗದೆ ಗೋಡೆಗೆ ಒರಗಿದಳು.

ಮಾರನೆಯ ಸಂಜೆ ಪಾಳಿ ಬಿಡುವ ಹೊತ್ತಿಗೆ ಬೀದಿಯ ತಿರುವಿನಲ್ಲಿ ಕಾದು ನಿಂತು ಮೇಸ್ತ್ರಿಯನ್ನು ಹಿಡಿದಳು. ಅವಳನ್ನು ಕಂಡವನೇ ಅವನು ಬೇರೆ ಕಡೆ ಹೊರಳಲು ನೋಡಿದ. ಅಂಗಿಯ ಬೆನ್ನಿಗೇ ಕೈ ಹಾಕಿದಳು.

“ನಿಲ್ಲೋ ಬೋಳಿಮಗನೆ! ನೋಡ್ಕೋತೀನಿ ಅಂದ್ಯಲ್ಲ, ಚೆನ್ನಾಗೇ ನೋಡ್ಕೊಂಡೆ. ಒಂದು ಬೆರಳು ಒತ್ತೋಕೆ ಏನಾಗಿತ್ತು ನಿಂಗೆ? ಲಕ್ವ ಹೊಡ್ದಿತ್ತಾ?”

“ಮೆಲ್ಲಗೆ ಮಾತಾಡು ದೊಡ್ಡಕ್ಕ, ಕೈ ಮುಗೀತೀನಿ.” ಅವನು ನಿಜಕ್ಕೂ ಕೈ ಮುಗಿದ. “ನನ್ನ ಇಸ್ತ್ರಿ ಸಾಲಲ್ಲಿ ಅಪಘಾತ ಅಂತ ಒಂದು ಬಿದ್ರೆ ಮೇಸ್ತ್ರಿಗಳ ಪಟ್ಟೀಲಿ ನಾನು ಕೆಳಗೆ ಹೋಗ್ತೀನಿ. ಎಲ್ರಿಗಿಂತ ಕೆಳಗೆ ಇರೋನನ್ನ ಅದು ತಾನಾಗೇ ಕಳಿಸುತ್ತೆ. ಯಾರನ್ನೂ ಕೇಳಲ್ಲ. ಹೋದ ಸಲ ಆ ಕುಂಟ ಮೇಸ್ತ್ರೀನ ಕಳಿಸಿದ್ದು ನೆನಪಿಲ್ವಾ? ಊಟಕ್ಕೆ ಕೂತಿದ್ದ, ಎದ್ದು ಬರೋ ಹೊತ್ತಿಗೆ ಬಾಗ್ಲು ತೆಗೀಲಿಲ್ಲ ಅವನಿಗೆ. ನಂಗೂ ಹೆಂಡ್ತಿ ಮಕ್ಕಳಿದಾರೆ.”

“ನಿನ್ನ ಹೆಂಡ್ತಿ ಬಾಣಂತನದಲ್ಲಿ ಬಟ್ಟೆ ಒಗೆದು ಕೊಟ್ಟವ್ಳು ನಾನು.”

“ಗೊತ್ತು.” ಅವನು ತಲೆ ತಗ್ಗಿಸಿದ. “ಬೇಕಾದ್ರೆ ಹೊಡಿ. ಇಲ್ಲೇ ಹೊಡಿ.”

ಅವಳು ಕೈಯನ್ನೇನೋ ಎತ್ತಿದಳು. ಬಾಗಿದ ಆ ಕುತ್ತಿಗೆ ನೋಡಿ ಕೈ ತಾನಾಗೇ ಕೆಳಗೆ ಬಂತು.

“ಆ ಪೈಪಾದ್ರೂ ಬದಲಾಯಿಸಿದ್ರಾ?”

“ಅಪಘಾತಾನೇ ಆಗಿಲ್ಲ ಅಂದ್ಮೇಲೆ ರಿಪೇರಿಗೆ ಯಾರನ್ನ ಕಳಿಸ್ತಾರೆ? ಬೆಸುಗೆ ಮೆತ್ತಿದೀನಿ. ತಂತಿ ಸುತ್ತಿದೀನಿ. ಈ ಸಲ ಬಿಗಿಯಾಗಿ ಸುತ್ತಿದೀನಿ.”

ಮಗಳ ಫೋನು ಹೊಡೆದುಕೊಂಡದ್ದು ಅದಾದ ಕೆಲವೇ ದಿನಕ್ಕೆ. ಅವಳು ಎಲ್ಲೆಲ್ಲೋ ಕೆಲಸ ಕೇಳಿ ತಿಂಗಳುಗಳೇ ಆಗಿದ್ದವು, ಯಾವ ಮೂಲೆಯಿಂದಲೂ ಉಸಿರು ಬಂದಿರಲಿಲ್ಲ. ಈಗ ಅದೇ ಬೆಲ್ಲದ ದನಿ, “ಅಭಿನಂದನೆಗಳು! ನೀವು ಆಯ್ಕೆಯಾಗಿದ್ದೀರಿ” ಎಂದಿತು. ಮಗಳು ಖುಷಿಯಿಂದ ಎದ್ದವಳು, ಕೇಳುತ್ತ ಕೇಳುತ್ತ ನಿಂತಲ್ಲೇ ಕೂತಳು.

“ಎಲ್ಲಿಗೆ?” ಎಂದಳು ದೊಡ್ಡಕ್ಕ.

ಮಗಳು ಫೋನನ್ನು ಮಗುಚಿ ಮಡಿಲಲ್ಲಿಟ್ಟಳು.

“ಎಲ್ಲಿಗೆ ಅಂದೆ.”

“ಬಟ್ಟೆ ಕಾರ್ಖಾನೆಗೆ. ಬೆಳಗಿನ ಪಾಳಿ. ಇಸ್ತ್ರಿ ಸಾಲು. ಮೊದಲ್ನೇ ಉರುಳೆ.”

ದೊಡ್ಡಕ್ಕ ಎದ್ದು ಒಲೆಯ ಬಳಿ ಹೋದಳು. ಅಲ್ಲಿ ಮಾಡುವಂಥದ್ದೇನೂ ಇರಲಿಲ್ಲ. ಖಾಲಿ ಡಬ್ಬಿಯ ಮುಚ್ಚಳ ತೆಗೆದಳು, ಹಾಕಿದಳು. “ಬೇಡ.”

“ಬೇಡ ಅಂದ್ರೆ ಏನು ತಿನ್ನೋಣ ಅಮ್ಮ? ನಿನ್ನ ಮುಲಾಮು ಯಾರು ತರ್ತಾರೆ?”

“ಸತ್ತೋಗ್ತೀನಿ, ಆಗ ಮುಲಾಮು ಬೇಕಾಗಲ್ಲ.”

“ಸುಮ್ನಿರು. ನಾನು ಹೋಗೋದೇ.”

ಮಗಳು ತನ್ನಂತೆಯೇ ಹಟಮಾರಿ. ಒಂದಿಷ್ಟು ಹೊತ್ತು ಮುನಿಸಿಕೊಂಡು ಕೂತಿದ್ದ ದೊಡ್ಡಕ್ಕ ಕೊನೆಗೆ ಮಂಚದ ಮುಂದೆಯೇ ಉರುಳೆ ಇದೆಯೆಂಬಂತೆ ಅವಳನ್ನು ನಿಲ್ಲಿಸಿ, ಹೊದಿಕೆಯ ಎರಡು ತುದಿ ಕೈಗೆ ಕೊಟ್ಟಳು. “ಬಲಗಡೆ ಒತ್ತಿ ನಿಂತ್ಕೋ. ಇನ್ನೂ ಈ ಕಡೆ. ತಲೆ ಪೈಪಿನ ಕೆಳಗೆ ಬರ್ಬಾರ್ದು. ಸುಂಯ್ ಅಂತ ಸಣ್ಣಗೆ ಸದ್ದು ಬಂತೋ, ಕೈಲಿರೋದು ಬಿಸಾಕಿ ಓಡು.”

“ಓಡೋಕಾಗಲ್ಲ ಅಮ್ಮ. ಹೊಸಬರ ಕೈಗೆ ಪಟ್ಟಿ ಕಟ್ತಾರಂತೆ. ಜಾಗ ಬಿಟ್ಟು ಹೋದ್ರೆ ಅದು ಹೇಳಿಬಿಡುತ್ತಂತೆ. ಮೊದಮೊದಲು ಹಾಗಾದ್ರೆ ಬೇಡ ಅಂತ ಕಳಿಸ್ತಾರಂತೆ.”

ದೊಡ್ಡಕ್ಕ ಹೊದಿಕೆ ಮಡಚಿಟ್ಟಳು. ಮತ್ತೇನೂ ಕಲಿಸಲಿಲ್ಲ.

ಮೊದಲ ದಿನ ಅವಳೇ ಮಗಳನ್ನು ಬಿಡಲು ಹೋದಳು. ಜಗಳಕ್ಕೆಂದು ಹೋದವಳಲ್ಲ. ಗೇಟಿನವರೆಗೆ ಹೋಗಿ ಬರೋಣ, ಹಾರ್ನಿಗೆ ಒಂದು ಮಾತು ಹೇಳಿ ಬರೋಣ ಎಂದಷ್ಟೇ ಇತ್ತು ಮನಸ್ಸಿನಲ್ಲಿ. ಸಾಲು ಮುಂದೆ ಸರಿಯಿತು. ಮಗಳು ತಲೆಬಟ್ಟೆ ಸರಿಮಾಡಿಕೊಂಡು, ಕೂದಲು ಹಿಂದಕ್ಕೆ ತಳ್ಳಿ, ಗಾಜಿಗೆ ತೋರಿಸಲೆಂದು ಮುಖ ಎತ್ತಿದಳು. ಬೆಳಗಿನ ಬೆಳಕು ಆ ಕೆನ್ನೆಯ ಮೇಲೆ ಬಿತ್ತು. ಒಂದು ಕಲೆಯೂ ಇಲ್ಲದ ಕೆನ್ನೆ.

ದೊಡ್ಡಕ್ಕ ಅವಳನ್ನು ತೋಳಿನಿಂದ ಹಿಂದಕ್ಕೆ ಸರಿಸಿ ತಾನು ಮುಂದೆ ಬಂದು ನಿಂತಳು.

ಕೆಂಪು ಮಿನುಗಿತು. ಮತ್ತೊಮ್ಮೆ ಪ್ರಯತ್ನಿಸಿ ಎಂದಿತು. ಅವಳು ಕದಲಲಿಲ್ಲ. ಮತ್ತೆ ಕೆಂಪು.

“ಏನಿದು ದೊಡ್ಡಕ್ಕ?” ಕಾವಲುಗಾರ ಓಡಿಬಂದ. “ನಿಂಗೆ ತೆಗೆಯಲ್ಲ ಅಂತ ಗೊತ್ತಲ್ಲ!”

“ಗೊತ್ತು.”

“ಮತ್ತೆ ಸರಿ ಆ ಕಡೆ!”

“ಅಮ್ಮಾ, ಹೊತ್ತಾಗ್ತಿದೆ” ಎಂದಳು ಮಗಳು ಅಳುದನಿಯಲ್ಲಿ. “ಮೊದಲ ದಿನಾನೇ ತಡ ಆದ್ರೆ ಕೆಲಸದಿಂದ ತೆಗೆದೇಬಿಡುತ್ತೆ.”

“ತೆಗೀಲಿ.”

ಸಾಲು ಬೆಳೆಯಿತು. ಹಿಂದಿನಿಂದ ಯಾರೋ ಬೈದರು, ಯಾರೋ ತಳ್ಳಿದರು. ಹಾರ್ನು ತಿರುಗಿ ನಿಂತು ಗಂಟಲು ತೆರೆದಳು. “ಯಾಕ್ರೇ ನೂಕ್ತೀರಾ? ಮತ್ತೊಮ್ಮೆ ಪ್ರಯತ್ನಿಸಿ ಅಂತ ಅದೇ ಹೇಳ್ತಿದೆ, ಅವ್ಳು ಪ್ರಯತ್ನಿಸ್ತಿದಾಳೆ!” ಒಂದಿಬ್ಬರು ನಕ್ಕರು. ತಳ್ಳುವುದು ನಿಂತಿತು. ಆದರೂ ಕೆಲವರು ಸಾಲಿನಿಂದ ಮೆಲ್ಲಗೆ ಜಾರಿ ಸಾಮಾನಿನ ಗೇಟಿನತ್ತ ನಡೆದರು. ಅವರನ್ನು ಯಾರೂ ತಡೆಯಲಿಲ್ಲ.

ಕಂಬಿಗಳ ಆಚೆ ಮೇಸ್ತ್ರಿ ಓಡೋಡಿ ಬಂದ. ಅವನ ಕೈಯಲ್ಲಿ ಫೋನು ಗುಂಯ್‌ಗುಡುತ್ತಿತ್ತು. “ಒಬ್ರೂ ಜಾಗದಲ್ಲಿಲ್ಲ ಅಂತ ತೋರಿಸ್ತಿದೆ! ದೊಡ್ಡಕ್ಕ, ನನ್ನ ಹೊಟ್ಟೆ ಮೇಲೆ ಹೊಡೀಬೇಡ. ನಿನ್ನ ಮಗಳನ್ನ ನಾನು ಬೇರೆ ಕಡೆ ನಿಲ್ಲಿಸ್ತೀನಿ, ಆಣೆ.”

“ಅಲ್ಲಿ ಬೇರೆ ಯಾರ ಮಗಳನ್ನ ನಿಲ್ಲಿಸ್ತೀಯ?”

ಮೇಸ್ತ್ರಿ ಕೈಯಲ್ಲಿದ್ದ ಫೋನಿನತ್ತ ನೋಡಿದ.

“ಒತ್ತು” ಎಂದಳು ಅವಳು. “ಪೈಪು ಒಡೀತು ಅಂತ ಒತ್ತು. ನನ್ನನ್ನ ಸೇರಿಸ್ಕೊಳ್ಳೋದೂ ಬೇಡ ಏನೂ ಬೇಡ. ಅದನ್ನ ಒತ್ತು, ಹೋಗ್ತೀನಿ.”

ಅವನ ಹೆಬ್ಬೆರಳು ಫೋನಿನ ಮೇಲೆ ನಿಂತೇ ಇತ್ತು. ಕೆಳಗೂ ಇಳಿಯಲಿಲ್ಲ, ಮೇಲೂ ಏಳಲಿಲ್ಲ.

ಅಷ್ಟರಲ್ಲಿ ಸಾಲಿನಲ್ಲಿದ್ದವರ ಫೋನುಗಳು ಸೊಂಟದಲ್ಲಿ, ಚೀಲದಲ್ಲಿ, ಒಂದರ ಹಿಂದೊಂದು ಗುನುಗತೊಡಗಿದವು. ಮಗಳದೂ ಗುನುಗಿತು. ಅವಳು ಅದನ್ನು ತೆಗೆದು, ‘ನೀವು ಇಂದು ಕಾಣಲಿಲ್ಲ’ ಎಂದಿದ್ದನ್ನು ಓದಿ, ಉತ್ತರ ಒತ್ತದೆ ಒಳಗಿಟ್ಟುಕೊಂಡು ಬಂದು ತಾಯಿಯ ಬೆನ್ನಿಗೆ ಒತ್ತಿ ನಿಂತಳು.

ಕಾವಲುಗಾರ ಯಾರಿಗೋ ಕರೆ ಮಾಡುತ್ತಿದ್ದ. ಆ ಕಡೆಯಿಂದ ಮನುಷ್ಯರ್ಯಾರೂ ಎತ್ತುತ್ತಿರಲಿಲ್ಲ. ಬಿಸಿಲೇರಿತು. ದೊಡ್ಡಕ್ಕನ ಅರ್ಧ ತೆರೆದ ಕಣ್ಣಿನಿಂದ ನೀರಿಳಿದು ಹಸಿ ಚರ್ಮದ ಮೇಲೆ ಹರಿಯಿತು. ಉಪ್ಪು ತಾಗಿ ಮುಖವೆಲ್ಲ ಬೆಂಕಿಯಾಯಿತು. ಒರೆಸಿಕೊಳ್ಳಲು ಕೈ ಎತ್ತಿದರೆ ಗಾಜಿಗೆ ಮುಖ ಮರೆಯಾಗುತ್ತದೆಂದು ಅವಳು ಒರೆಸಿಕೊಳ್ಳಲಿಲ್ಲ.