ಉಪ್ಪು ತರಲು ಹೋದವರು

ಊರು ದೊಡ್ಡದಾದಷ್ಟೂ ಮನೆ ಚಿಕ್ಕದಾಗುತ್ತದೆ. ಇದನ್ನು ನಂಬದವರು ಕಂಡಕ್ಟರ್ ತಾತನ ಮನೆಗೊಮ್ಮೆ ಬರಬೇಕು. ಮೂರನೇ ಮಹಡಿಯಲ್ಲಿ ಎರಡು ಕೋಣೆ. ಅದರಲ್ಲಿ ತಾತ, ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು, ಜೊತೆಗೆ ಸೊಸೆಯ ಹೊಲಿಗೆ ಮಷಿನ್. ಒಬ್ಬರು ಕಾಲು ಚಾಚಬೇಕಾದರೆ ಇನ್ನೊಬ್ಬರು ಮಡಚಬೇಕು.

ಆದರೆ ತಾತನ ಚಿಂತೆಯೆಲ್ಲ ಮಗನ ಕಾರಿನದು. ಅದನ್ನು ನಿಲ್ಲಿಸುವ ವಿಷಯಕ್ಕೆ ಬೆಳಗಾದರೆ ಬೀದಿಯಲ್ಲಿ ಜಗಳ. ಹೀಗಿರುವಾಗ ವಾರ್ಡ್ ಕಚೇರಿಯ ಗಾಡಿಯೊಂದು ಮೈಕಿನಲ್ಲಿ ಕೂಗುತ್ತಾ ಬಂತು: "ಮೂಲೆಯ ಪಾರ್ಕನ್ನು ಯಾರೂ ಬಳಸುತ್ತಿಲ್ಲ. ಅಲ್ಲಿ ಪಾರ್ಕಿಂಗ್ ಜಾಗ ಮಾಡುವ ಯೋಚನೆಯಿದೆ. ಭಾನುವಾರ ಬೆಳಗ್ಗೆ ಅಲ್ಲೇ ಸಭೆ. ಬಂದು ಅಭಿಪ್ರಾಯ ತಿಳಿಸಿ."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ತಾತ ಖುಷಿಯಿಂದ ಮೆಟ್ಟಿಲಿಳಿದು ಸುದ್ದಿ ಹಂಚತೊಡಗಿದರು. ಕೆಳಮನೆಯ ನರ್ಸಮ್ಮ ಬಾಗಿಲಲ್ಲೇ ತಡೆದರು.

"ಏನ್ ತಾತ, ಪಾರ್ಕ್ ಹೋಗುತ್ತೆ ಅಂತ ಸಂಭ್ರಮಾನಾ?"

"ಯಾರಮ್ಮ ಹೋಗ್ತಾರೆ ಅಲ್ಲಿಗೆ? ದೀಪ ಇಲ್ಲ, ಬೆಂಚು ಮುರಿದಿದೆ, ಎಲ್ಲಿ ನೋಡಿದ್ರೂ ಕಸ."

"ದೀಪ ಹಾಕ್ಸಿ ಅಂತ ನಾವು ಯಾವತ್ತಾದ್ರೂ ಕೇಳಿದೀವಾ? ನಮ್ಮ ಕ್ಲಿನಿಕ್‌ಗೆ ಬರೋ ಶುಗರ್‌ನೋರು, ಬಿ.ಪಿ.ಯೋರು, ಎಲ್ರಿಗೂ ಡಾಕ್ಟ್ರು ಹೇಳೋದು ಒಂದೇ: ದಿನಾ ಅರ್ಧ ಗಂಟೆ ನಡೀರಿ. ಎಲ್ಲಿ ನಡೀಬೇಕು, ಕಾರುಗಳ ತಲೆ ಮೇಲಾ? ಮಕ್ಕಳು ಬೆಳಕಲ್ಲಿ, ಬಯಲಲ್ಲಿ ಆಡಿದ್ರೆ ಕಣ್ಣಿಗೂ ಒಳ್ಳೇದು, ಮೈಗೂ ಒಳ್ಳೇದು."

"ನನಗೆ ನಡಿಗೆ ಪಾಠ ಹೇಳ್ಬೇಡಮ್ಮ. ಈ ಊರನ್ನೆಲ್ಲ ನಡ್ಕೊಂಡೇ ಸುತ್ತಿದೀನಿ, ಬಸ್ಸಿನೊಳಗೆ!"

ನರ್ಸಮ್ಮನಿಗೆ ನಗು ತಡೆಯಲಾಗಲಿಲ್ಲ. "ನಗಿಸಿದ್ದು ಸರಿ. ಆದ್ರೆ ಒಂದ್ ಮಾತು. ಇವತ್ತು ಪಾರ್ಕಿಗೆ ಒಂದು 'ಇಂಗ್' ಸೇರಿಸಿಬಿಟ್ರೆ, ನಾಳೆ ಮರಾನೂ ಇರಲ್ಲ, ನೆರಳೂ ಇರಲ್ಲ. ಆಮೇಲೆ ನಾವೆಲ್ಲ ಇಂಗು ತಿಂದ ಮಂಗ!"

ತಾತ ಕೇಳಿಸದವರಂತೆ ಮುಂದಿನ ಮನೆಗೆ ಹೋದರು.

ಶನಿವಾರ ಸಂಜೆ ಸೊಸೆ ಎಂದಿನಂತೆ ಹೊರಟಳು. "ಮಾವ, ಕೊತ್ತಂಬರಿ ಸೊಪ್ಪು ಮರೆತೇಬಿಟ್ಟೆ, ಈಗ ಬಂದೆ." ಅವಳು ದಿನವೂ ಏನಾದರೊಂದು ಮರೆಯುತ್ತಿದ್ದಳು. ಒಂದು ದಿನ ಸೂಜಿದಾರ, ಒಂದು ದಿನ ಬೆಂಕಿಪೊಟ್ಟಣ. ಈ ವಯಸ್ಸಿಗೇ ಇಷ್ಟು ಮರೆವೇ ಎಂದು ತಾತ ಒಳಗೊಳಗೇ ಬೇಸರ ಪಡುತ್ತಿದ್ದರು. ಅಂದಂತೂ ಪರ್ಸನ್ನೇ ಮಷಿನ್ ಮೇಲೆ ಬಿಟ್ಟು ಹೋಗಿದ್ದಳು. ಗೊಣಗುತ್ತಲೇ ಅದನ್ನು ಹಿಡಿದು ಹಿಂದೆ ನಡೆದರು. ಸೊಪ್ಪಿನ ಗಾಡಿಯ ಬಳಿ ಅವಳಿರಲಿಲ್ಲ. ಗಾಡಿಯವನು ಪಾರ್ಕಿನ ಕಡೆ ಕೈ ತೋರಿಸಿದ.

ಮುರಿದ ಬೆಂಚಿನ ಗಟ್ಟಿಯಾಗಿ ಉಳಿದಿದ್ದ ತುದಿಯಲ್ಲಿ ಸೊಸೆ ಕುಳಿತಿದ್ದಳು. ಚಪ್ಪಲಿ ಬಿಟ್ಟು ಕಾಲನ್ನು ಹುಲ್ಲಿನ ಮೇಲೆ ಇಟ್ಟಿದ್ದಳು. ಮಾವನನ್ನು ಕಂಡು ಗಡಬಡಿಸಿ ಎದ್ದು ಕಣ್ಣೊರೆಸಿಕೊಂಡಳು.

"ಏನಾಯ್ತಮ್ಮ? ಯಾರಾದ್ರೂ ಏನಾದ್ರೂ ಅಂದ್ರಾ?"

"ಇಲ್ಲ ಮಾವ. ನಮ್ಮಮ್ಮ ತೀರಿಕೊಂಡ್ಮೇಲೆ ಏನಾದ್ರೊಂದು ನೆಪ ಹೇಳಿ ಅಳೋಕೆ ಇಲ್ಲಿಗೇ ಬರ್ತೀನಿ. ಮನೇಲಿ ಅತ್ರೆ ಮಕ್ಕಳು ಹೆದರ್ತವೆ, ನೀವು ಗಾಬರಿಯಾಗ್ತೀರಿ. ಅಳೋಕೂ ಒಂದು ಜಾಗ ಬೇಕಲ್ಲ ಮಾವ? ನಾಳೆ ಆದ್ಮೇಲೆ ಇದೂ ಇರಲ್ಲ."

ತಾತ ಪರ್ಸನ್ನು ಅವಳ ಕೈಗಿಟ್ಟರು. ಮೆಲ್ಲಗೆ ಅವಳ ಪಕ್ಕ ಕುಳಿತರು. ಹೆಂಡತಿ ತೀರಿಕೊಂಡ ಮೇಲೆ ಅವರು ಈ ಪಾರ್ಕಿಗೆ ಕಾಲಿಟ್ಟಿರಲಿಲ್ಲ.

ಮದುವೆಯಾದ ಹೊಸತರಲ್ಲಿ ಅವರದು ಒಂದೇ ಕೋಣೆ. ಅಪ್ಪ, ಅಮ್ಮ, ತಮ್ಮಂದಿರು, ಸೋದರತ್ತೆ, ಎಲ್ಲರೂ ಅದರಲ್ಲೇ. ಹೊಸ ಹೆಂಡತಿಯ ಜೊತೆ ಎರಡು ಮಾತಾಡಬೇಕೆಂದರೆ ಗೋಡೆಗಿಂತ ಮೊದಲು ಎಲ್ಲರ ಕಿವಿ ನೆಟ್ಟಗಾಗುತ್ತಿತ್ತು. ಆಗ ಅವಳೇ ಉಪಾಯ ಹುಡುಕಿದಳು. ಸಂಜೆ ಇವರು ಡ್ಯೂಟಿ ಮುಗಿಸಿ ಬರುತ್ತಿದ್ದಂತೆ "ಉಪ್ಪು ಮುಗಿದಿದೆ ಕಣ್ರೀ" ಅನ್ನುತ್ತಿದ್ದಳು. ಹಾಗೆಂದರೆ ಪಾರ್ಕಿಗೆ ಹೋಗೋಣ ಎಂದರ್ಥ. ಹೇಳಿದ ಮಾತು ಸುಳ್ಳಾಗಬಾರದೆಂದು ಬರುವಾಗ ಒಂದು ಪೊಟ್ಟಣ ಉಪ್ಪು ತರುತ್ತಿದ್ದರು. ಅವರ ಮೊದಲ ಜಗಳ ನಡೆದದ್ದು ಇಲ್ಲೇ, ರಾಜಿಯಾದದ್ದೂ ಇಲ್ಲೇ. ಅವಳಿಗೆ ಅಷ್ಟು ದೊಡ್ಡ ನಗುವಿದೆ ಎಂದು ಇವರಿಗೆ ತಿಳಿದದ್ದೂ ಇಲ್ಲೇ. ಮನೆಯಲ್ಲಿ ಅವಳು ಬಾಯಿಗೆ ಸೆರಗು ಅಡ್ಡ ಹಿಡಿದೇ ನಗುತ್ತಿದ್ದಳು. ಆ ನಗು ನೆನಪಾಗಿ ತಾತ ಸೊಸೆಯ ಕಡೆ ತಿರುಗಿದರು.

"ನಿಮ್ಮತ್ತೇನೂ ನಿನ್ನ ಹಾಗೇ ಕಣಮ್ಮ" ಎಂದು ಎಲ್ಲವನ್ನೂ ಹೇಳಿದರು. "ಮನೇಲಿ ಡಬ್ಬದ ತುಂಬ ಉಪ್ಪು. ಕೊನೆಗೊಂದಿನ ನಮ್ಮಮ್ಮ ಕೇಳಿಯೇಬಿಟ್ಲು, 'ಏನೋ, ಈ ಮನೇಲಿ ಮನುಷ್ಯರಿದೀವೋ, ಸಮುದ್ರ ಇದೆಯೋ?' ಅಂತ. ಅವಳಿಗೆ ಎಲ್ಲಾ ಗೊತ್ತಿತ್ತು."

ಸೊಸೆ ಅಳುತ್ತಲೇ ನಕ್ಕಳು. ತಾತ ಎದ್ದರು.

"ನೀನು ಕೂತ್ಕೋ ತಾಯಿ. ಅಳ್ಬೇಕು ಅನ್ನಿಸಿದಷ್ಟು ಅತ್ಬಿಡು. ನಾನು ಆ ಕಡೆ ನಡೀತಿರ್ತೀನಿ."

ಭಾನುವಾರದ ಸಭೆಯಲ್ಲಿ ಕಾರಿನವರೇ ಹೆಚ್ಚು. ಮಗ ಮುಂದೆ ನಿಂತು, "ನಮ್ಮಪ್ಪ ಹಿರಿಯರು, ಅವರೇ ಹೇಳ್ತಾರೆ" ಎಂದ. ತಾತ ಗಂಟಲು ಸರಿಮಾಡಿಕೊಂಡರು.

"ತುಂಬಿದ ಬಸ್ಸಲ್ಲಿ ನಿಂತ್ಕೊಂಡು, 'ಒಳಗೆ ಜಾಗ ಇದೆ ಬನ್ನಿ' ಅಂತ ಜೀವಮಾನವೆಲ್ಲ ಸುಳ್ಳು ಹೇಳಿದೋನು ನಾನು. ಇವತ್ತು ನಿಜ ಹೇಳ್ತೀನಿ. ನಮ್ಮ ಬೀದೀಲಿ ಜಾಗ ಅಂತ ಉಳಿದಿರೋದು ಇದೊಂದೇ. ಇದು ಪಾರ್ಕಾಗೇ ಇರ್ಲಿ."

ನರ್ಸಮ್ಮ ಕಣ್ಣರಳಿಸಿದರು. ಮಗನ ಮುಖ ಕೆಂಪಾಯಿತು. "ಅಪ್ಪ! ಮತ್ತೆ ಕಾರು?"

"ಕಾರು ಬೀದೀಲಿ ನಿಂತ್ರೆ ಅದೇನು ಅಳಲ್ಲ ಮಗಾ. ಮನುಷ್ಯರು ಅಳ್ತಾರೆ. ಮೊದಲು ಅವರಿಗೆ ಜಾಗ ಮಾಡು."

ಮಗ ಹೆಂಡತಿಯ ಕಡೆ ನೋಡಿದ. ಅವಳು ತಲೆ ತಗ್ಗಿಸಿದ್ದಳು, ಕಣ್ಣು ಊದಿಕೊಂಡಿದ್ದವು. ಇಷ್ಟು ದಿನ ಅದನ್ನು ಗಮನಿಸಿರಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು. ವಾರ್ಡ್ ಕಚೇರಿಯಿಂದ ಬಂದಿದ್ದ ಅಧಿಕಾರಿಯ ಕಡೆ ತಿರುಗಿ, "ಪಾರ್ಕೇ ಇರ್ಲಿ ಸಾರ್. ಆದ್ರೆ ದೀಪ ಹಾಕ್ಸಿ, ಬೆಂಚು ಸರಿ ಮಾಡ್ಸಿ. ಕಸದ ಕೆಲಸ ನಾವು ಬೀದಿಯೋರು ನೋಡ್ಕೋತೀವಿ" ಎಂದ. ಹಿಂದಿನಿಂದ ಒಬ್ಬೊಬ್ಬರೇ ಒಪ್ಪಿ ಕೈ ಎತ್ತಿದರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೀದಿಯ ಪಾರ್ಕಿಗೆ ನೀವು ಹೋಗಿ ಎಷ್ಟು ಕಾಲವಾಯಿತು? ಜನ ಬಿಟ್ಟ ಪಾರ್ಕು ಬಹುಬೇಗ ಕೈತಪ್ಪುತ್ತದೆ. ದೀಪ ಉರಿಯದಿದ್ದರೆ ವಾರ್ಡ್ ಕಚೇರಿಗೆ ತಿಳಿಸಿ. ಸಭೆ ಕರೆದರೆ ತಪ್ಪದೆ ಹೋಗಿ. ಮಕ್ಕಳನ್ನು ಆಡಲು ಬಿಡಿ, ನೀವೂ ನಡೆಯಿರಿ. ಇವತ್ತು ಸಂಜೆ ಮನೆಯವರಲ್ಲಿ ಒಬ್ಬರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ. ನಾಲ್ಕು ಗೋಡೆಯೊಳಗೆ ಆಡಲಾಗದ ಮಾತೊಂದು ಅವರಲ್ಲಿ ಇದ್ದೀತು. ಪಕ್ಕದಲ್ಲಿ ಕುಳಿತು ಕೇಳಿಸಿಕೊಳ್ಳಿ.