ಓಸ್ನಾಬ್ರುಕ್‌ನ ಸರದಿ

ತಟ್ಟೆಯಲ್ಲಿ ಹರಡಿದ್ದ ಅಕ್ಕಿಯನ್ನು ನತಾಲಿಯಾ ಅಂಗೈಯಿಂದ ಮತ್ತೊಮ್ಮೆ ಸಮ ಮಾಡುತ್ತಿದ್ದಾಗ ಗಂಡ ಮಧುಕರ ಫೋನು ಹಿಡಿದುಕೊಂಡು ಬಾಲ್ಕನಿಯಿಂದ ಒಳಗೆ ಬಂದ.

"ಚಿನ್ಮಯ್ ಇನ್ನೂ ಥಿಕಾ ರೋಡಲ್ಲೇ ಸಿಕ್ಕಾಕೊಂಡಿದಾನೆ. ಕಸರಾನಿ ಸ್ಟೇಡಿಯಂನಲ್ಲಿ ಮ್ಯಾಚಂತೆ. ಕಾರು ಅಲ್ಲೇ ಬಿಟ್ಟು ಬಾಡಿಗೆ ಬೈಕಲ್ಲಿ ಬರ್ತೀನಿ ಅಂದ."

"ಪುರೋಹಿತರು ಬೈಕಿನಲ್ಲಾ?" ಎಂದರು ನತಾಲಿಯಾಳ ತಾಯಿ ಹೆಲನ್.

"ಪಂಚೆ ಬ್ಯಾಗಲ್ಲಿರತ್ತೆ ಆಂಟಿ. ಬಂದ್ಮೇಲೆ ಉಟ್ಕೊಳ್ತಾನೆ."

ಚಿನ್ಮಯ್ ವಾರದ ಐದು ದಿನ ಟೆಲಿಕಾಂ ಕಂಪನಿಯ ಎಂಜಿನಿಯರ್. ಶನಿವಾರ, ಭಾನುವಾರ ಮಾತ್ರ ಪುರೋಹಿತ. ನೈರೋಬಿಗೆ ಕೆಲಸಕ್ಕೆಂದು ಬಂದ ಬೆಂಗಳೂರಿನವರ ನಡುವೆ ಮಂತ್ರ ಬರುತ್ತಿದ್ದುದು ಅವನೊಬ್ಬನಿಗೇ.

ಮಗು ಹೆಲನ್‌ರ ಮಡಿಲಲ್ಲಿ ನಿದ್ದೆಹೋಗಿತ್ತು. ಮಗಳ ಬಾಣಂತನಕ್ಕೆಂದು ಮಂಗಳೂರಿನಿಂದ ಬಂದವರು ಮೂರು ತಿಂಗಳಾದರೂ ಹಿಂತಿರುಗುವ ಮಾತೆತ್ತಿರಲಿಲ್ಲ. ಹೋಗಿ ಎನ್ನುವ ಧೈರ್ಯ ನತಾಲಿಯಾಳಿಗೂ ಇರಲಿಲ್ಲ, ಶಕ್ತಿಯೂ ಇರಲಿಲ್ಲ. ಇಂದು ಮಗುವಿಗೆ ನಾಮಕರಣ. ಹೆಸರು ನಂದನ್. ಅದು ಮಧುಕರನ ಸರದಿ.

ಸರದಿಯ ಮಾತನ್ನು ಮೊದಲು ಆಡಿದವಳು ನತಾಲಿಯಾಳೇ. ಆಗ ಅವಳು ಬೆಂಗಳೂರಿನಲ್ಲಿ ಇತಿಹಾಸದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ವಿಷಯ, ಜರ್ಮನಿಯ ಓಸ್ನಾಬ್ರುಕ್ ಎಂಬ ಸಣ್ಣ ಸಂಸ್ಥಾನ. ಅಲ್ಲಿ ಬಿಷಪರೇ ರಾಜರು. ಕ್ಯಾಥೊಲಿಕರೂ ಪ್ರಾಟೆಸ್ಟೆಂಟರೂ ಮೂವತ್ತು ವರ್ಷ ಬಡಿದಾಡಿ ಸುಸ್ತಾದ ಮೇಲೆ ಒಂದು ಒಪ್ಪಂದಕ್ಕೆ ಬಂದರು. ಒಮ್ಮೆ ಕ್ಯಾಥೊಲಿಕ್ ಬಿಷಪ್, ಅವನು ಸತ್ತ ಮೇಲೆ ಪ್ರಾಟೆಸ್ಟೆಂಟ್ ಬಿಷಪ್, ಮತ್ತೆ ಕ್ಯಾಥೊಲಿಕ್. ಹೀಗೆ ನೂರೈವತ್ತು ವರ್ಷ ನಡೆಯಿತು.

"ಅಂದ್ರೆ ಹೆಂಡ್ತಿ ಮಕ್ಕಳಿರೋ ಬಿಷಪ್ಪೂ ಇದ್ನಾ?" ಎಂದು ಮಧುಕರ ಕ್ಯಾಂಟೀನಿನ ಕಾಫಿ ಕುಡಿಯುತ್ತ ನಕ್ಕಿದ್ದ.

"ಇದ್ದ. ಇನ್ನೊಬ್ಬ ಬಿಷಪ್ ಆದಾಗ ಅವನಿಗೆ ಆರೇ ತಿಂಗಳು. ಇಂಗ್ಲೆಂಡಿನ ರಾಜನ ಮಗ. ಸರದಿ ಕೈತಪ್ಪಬಾರದು ಅಂತ ತೊಟ್ಟಿಲಲ್ಲಿದ್ದವನನ್ನೇ ಆರಿಸಿಬಿಟ್ರು."

"ನಾವೂ ಹಂಗೇ ಮಾಡೋಣ ಬಿಡು. ಮೊದಲನೇದು ನಿಮ್ಮ ಚರ್ಚಿಗೆ, ಎರಡನೇದು ನಮ್ಮನೆ ದೇವರಿಗೆ."

ತಮಾಷೆಯಾಗಿ ಹುಟ್ಟಿದ ಮಾತು ಎರಡು ಮನೆಗಳ ಅಳು, ಜಗಳ, ಬಾಗಿಲು ಬಡಿತಗಳ ನಡುವೆ ನಿಜವಾದ ಒಪ್ಪಂದವಾಯಿತು. ಮೆಲಿಸ್ಸಾ ಹುಟ್ಟಿದಾಗ ಮಧುಕರ ಒಂದು ಮಾತೂ ಆಡದೆ ಚರ್ಚಿನ ಮೊದಲ ಬೆಂಚಿನಲ್ಲಿ ಕುಳಿತು ಅವಳ ಜ್ಞಾನಸ್ನಾನ ನೋಡಿದ್ದ. ಅವನ ಅಮ್ಮ ಆ ವರ್ಷವೆಲ್ಲ ಫೋನೆತ್ತಲಿಲ್ಲ. ಅದನ್ನೂ ಅವನು ನುಂಗಿಕೊಂಡಿದ್ದ. ಆ ಹೊತ್ತಿಗೆ ಅವನು ಕೆಲಸ ಮಾಡುತ್ತಿದ್ದ ಬ್ಯಾಂಕು ಅವನನ್ನು ನೈರೋಬಿಗೆ ಕಳಿಸಿತ್ತು, ಅವಳ ಓಸ್ನಾಬ್ರುಕ್ ಪ್ರಬಂಧ ಅರ್ಧಕ್ಕೇ ನಿಂತಿತ್ತು. ಈಗ ನತಾಲಿಯಾ ಶಾಲೆಯೊಂದರಲ್ಲಿ ಇತಿಹಾಸದ ಟೀಚರ್. ಓಸ್ನಾಬ್ರುಕ್‌ನ ಒಪ್ಪಂದ ಪ್ರೀತಿಯಿಂದ ಹುಟ್ಟಿದ್ದಲ್ಲ, ದಣಿವಿನಿಂದ ಹುಟ್ಟಿದ್ದು ಎಂದು ಪ್ರಬಂಧದಲ್ಲಿ ಬರೆದಿದ್ದಳು. ದಣಿವು ಎಂದರೇನೆಂದು ಬರೆಯುವಾಗ ಅವಳಿಗೆ ಗೊತ್ತಿರಲಿಲ್ಲ.

"ಗ್ರ್ಯಾನಿ," ಸೋಫಾದ ಮೇಲೆ ಬೋರಲು ಮಲಗಿದ್ದ ಮೆಲಿಸ್ಸಾ ತಲೆಯೆತ್ತಿದಳು, "ಇಫ್ ಹಿಸ್ ನೇಮ್ ಈಸ್ ನಂದನ್, ವೈ ಡೂ ಯು ಕಾಲ್ ಹಿಮ್ ಫ್ರೆಡ್ಡಿ?"

ಅಕ್ಕಿಯ ಮೇಲೆ ನತಾಲಿಯಾಳ ಕೈ ನಿಂತಿತು. ಫ್ರೆಡ್ರಿಕ್ ಅವಳ ತೀರಿಹೋದ ಅಪ್ಪನ ಹೆಸರು.

"ಮುದ್ದಿಗೆ ಕರೀತಾರೆ ಪುಟ್ಟಾ," ಎಂದ ಮಧುಕರ.

"ಮುದ್ದಿಗೆ ಅಲ್ಲ," ಹೆಲನ್ ಮಗುವಿನ ಟೋಪಿ ಸರಿಮಾಡುತ್ತ ಹೇಳಿದರು. "ನೀವು ಇವತ್ತು ಹೆಸರು ಇಡಿ ಮಧುಕರ, ನಾನು ಬೇಡ ಹೇಳುದಿಲ್ಲ. ಆದರೆ ಇವನಿಗೆ ಒಂದು ಹೆಸರು ಆಗಿಯೇ ಉಂಟು. ಆಸ್ಪತ್ರೆಯಲ್ಲಿ ನಾನು ನೀರು ಹಾಕಿದ್ದೇನೆ."

"ನೀರು ಅಂದ್ರೆ?"

"ಡಾಕ್ಟರ್ ರಾತ್ರಿ ಕಳೆದರೆ ನಾಳೆ ನೋಡುವ ಅಂತ ಹೇಳಿದರಲ್ಲ, ಆ ದಿನ. ಮಗು ಹೋಗುವ ಹಾಗಿದ್ದರೆ ಪಾದ್ರಿಯೇ ಬೇಕು ಅಂತ ಇಲ್ಲ. ನಮ್ಮಲ್ಲಿ ಆಗ ಜ್ಞಾನಸ್ನಾನ ಯಾರೂ ಮಾಡಬಹುದು. ಒಮ್ಮೆ ಮಾಡಿದ್ದನ್ನು ತೆಗೀಲಿಕ್ಕೆ ಆಗುದಿಲ್ಲ."

ಕೆಳಗೆ ಪಂಗಾನಿ ಬಡಾವಣೆಯ ರಸ್ತೆಯಲ್ಲಿ ಮಟಾಟು ಮಿನಿಬಸ್ಸೊಂದು ಹಾಡು ಹಚ್ಚಿಕೊಂಡು ಹೋಯಿತು. ಮಧುಕರ ಬಾಲ್ಕನಿಯ ಬಾಗಿಲು ಮುಚ್ಚಿ ಬಂದ.

"ಇದು ನನ್ನ ಸರದಿ ಅಂತ ನಿಮಗೆ ಗೊತ್ತಿತ್ತು, ಆಂಟಿ."

"ಆ ಜರ್ಮನಿಯಲ್ಲಿ ಸರದಿ ಬಿಷಪರಿಗೆ. ಮಗುವಿನ ಉಸಿರಿಗೆ ಎಂತ ಸರದಿ ಮಾರಾಯ್ರೇ?"

ಮಧುಕರ ಹೆಂಡತಿಯ ಕಡೆ ತಿರುಗಿದ. "ನಿಂಗೆ ಗೊತ್ತಿತ್ತಾ?"

"ಅವಳಿಗೆ ಗೊತ್ತಿಲ್ಲ," ಹೆಲನ್ ತಟ್ಟನೆ ಹೇಳಿದರು. "ಅವಳು ಗಾಲಿಕುರ್ಚಿಯಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದಳು. ಬೈಯುದಿದ್ದರೆ ನನಗೆ ಬೈಯಿರಿ."

ತಾಯಿ ಮಗಳ ಕಡೆ ನೋಡಲಿಲ್ಲ. ಹಾಸಿಗೆ ಹಾಸಿಕೊಟ್ಟಷ್ಟು ಮೆತ್ತಗಿತ್ತು ಆ ಸುಳ್ಳು. ಅದರ ಮೇಲೆ ಒರಗಿದ್ದರೆ ಸಾಕಿತ್ತು. ಮೂರು ತಿಂಗಳು ಸುಮ್ಮನಿದ್ದವಳಿಗೆ ಇನ್ನೊಂದು ಗಳಿಗೆ ಸುಮ್ಮನಿರುವುದು ಕಷ್ಟವೇನಲ್ಲ. ನತಾಲಿಯಾಳಿಗೆ ಆ ಮಧ್ಯಾಹ್ನ ನೆನಪಾಯಿತು. ಗಾಜಿನ ಪೆಟ್ಟಿಗೆಯ ಕಿಂಡಿಯೊಳಗೆ ಅಮ್ಮನ ಗ್ಲೌಸ್ ಹಾಕಿದ ಕೈ, ಬೆರಳ ತುದಿಯಲ್ಲಿ ಎರಡು ಹನಿ ನೀರು, ಕೊಂಕಣಿಯ ಪಿಸುಮಾತು. ನರ್ಸು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಗೋಡೆಯ ಕಡೆ ತಿರುಗಿದ್ದಳು. ಕೊನೆಯಲ್ಲಿ ಆಮೆನ್ ಎಂದದ್ದು ಅಮ್ಮನೊಬ್ಬಳೇ ಅಲ್ಲ, ತಾನೂ.

"ಎಚ್ಚರ ಇದ್ದೆ," ಎಂದಳು ನತಾಲಿಯಾ.

ಹೆಲನ್ ಕಣ್ಣು ಮುಚ್ಚಿಕೊಂಡರು.

"ನೋಡ್ತಾ ಇದ್ಯಾ?" ಕೇಳಿದ ಮಧುಕರ.

"ಹೂಂ."

"ನಾನು ಆಗ ಕೆಳಗಡೆ ಅವನಿಗೇ ರಕ್ತ ಕೊಡ್ತಿದ್ದೆ." ಮಧುಕರ ದನಿ ಏರಿಸಲಿಲ್ಲ. "ಬೇಡ ಮಮ್ಮಿ ಅಂತ ಒಂದು ಮಾತು ಅನ್ನಬಹುದಿತ್ತು ನೀನು."

"ಅನ್ನಬಹುದಿತ್ತು. ಆದರೆ ಆಗ ಯಾರು ಏನು ಮಾಡಿದ್ರೂ ಮಾಡ್ಲಿ ಅನ್ನಿಸ್ತು ಮಧು."

"ಆಗ ಸರಿ. ಆಮೇಲೆ?"

ಆಮೇಲೆ ಮಗು ಬದುಕಿತು. ಬದುಕಿದ ಮಗುವಿನ ಬಟ್ಟೆ, ಹಾಲು, ಔಷಧಿಗಳ ನಡುವೆ ಹೇಳದೆ ಉಳಿದ ಮಾತು ಮನೆಯ ಒಂದು ಸಾಮಾನಿನಂತೆ ಮೂಲೆ ಹಿಡಿದು ಕೂತಿತು. ದಿನವೂ ಅದನ್ನು ಬಳಸಿಕೊಂಡು ಓಡಾಡುವುದು ಅಭ್ಯಾಸವಾಯಿತು.

ಬಾಗಿಲ ಗಂಟೆ ಬಡಿಯಿತು.

ಚಿನ್ಮಯ್ ಹೆಲ್ಮೆಟ್ಟಿನಿಂದ ಚಪ್ಪಟೆಯಾದ ಕೂದಲನ್ನು ಕೆದರಿಕೊಳ್ಳುತ್ತ ಒಳಗೆ ಬಂದ. "ಸಾರಿ ಸರ್, ಸಾರಿ ಮೇಡಂ. ಆ ಬೈಕಿನವನು ಲಾರಿ ಸಂದೀಲೆಲ್ಲ ನುಗ್ಗಿಸ್ಬಿಟ್ಟ. ದಾರಿಯುದ್ದಕ್ಕೂ ನಾನೇ ಮೃತ್ಯುಂಜಯ ಮಂತ್ರ ಹೇಳ್ಕೊಂಡ್ ಬಂದೆ." ಯಾರೂ ನಗಲಿಲ್ಲ. ಅವನು ಬಚ್ಚಲಿಗೆ ಹೋಗಿ ಪಂಚೆಯುಟ್ಟು ಬಂದು ಮಣೆಯ ಮುಂದೆ ಕೂತ. "ಸರ್, ಫುಲ್ ಮಾಡೋಣ ಅಂದಿದ್ರಿ ಅಲ್ವಾ?"

"ಶಾರ್ಟಾಗೇ ಮುಗಿಸಿ," ಎಂದ ಮಧುಕರ.

ಗಂಡ ಹೆಂಡತಿ ಅಕ್ಕಪಕ್ಕದ ಮಣೆಗಳ ಮೇಲೆ ಕುಳಿತರು. ಮಗು ಈಗ ನತಾಲಿಯಾಳ ಮಡಿಲಲ್ಲಿತ್ತು. ಮಧುಕರ ಬೆರಳಿನ ಉಂಗುರ ತೆಗೆದು, ಚಿನ್ಮಯ್ ಹೇಳಿದಂತೆ ಅಕ್ಕಿಯ ಮೇಲೆ ಬರೆಯುತ್ತ ಹೋದ. ಮಾಸದ ದೇವರ ಹೆಸರು, ನಕ್ಷತ್ರದ ಹೆಸರು.

"ಕರೆಯೋ ಹೆಸರು, ಸರ್?"

ಉಂಗುರ ಅಕ್ಕಿಯ ಮೇಲೆ ತಡೆಯಿತು. ಮಧುಕರ ನಂದನ್ ಎಂದು ಬರೆದ. ಒತ್ತಿ ಬರೆದಿದ್ದರಿಂದ ಕಾಳುಗಳ ಕೆಳಗೆ ತಟ್ಟೆಯ ತಳ ಕಂಡಿತು.

"ಈಗ ಸೋದರತ್ತೆ ಮಗು ಕಿವೀಲಿ ಹೆಸರು ಹೇಳ್ಬೇಕು. ನಿಮ್ಮ ಅಕ್ಕ ತಂಗಿ ಯಾರಾದ್ರೂ ಇಲ್ಲಿದಾರಾ?"

"ಅಕ್ಕ ಮೈಸೂರಲ್ಲಿದಾಳೆ."

"ಪರವಾಗಿಲ್ಲ ಸರ್. ಮನೇಲಿ ಹಿರಿಯರು ಯಾರೇ ಹೇಳಿದ್ರೂ ಆಗತ್ತೆ."

ಮನೆಯಲ್ಲಿದ್ದ ಹಿರಿಯರು ಒಬ್ಬರೇ. ಅವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೈಗಳನ್ನು ಮಡಿಲಲ್ಲಿಟ್ಟು ಕೂತಿದ್ದರು. ನಾನೇ ಹೇಳುತ್ತೇನೆ ಎಂದು ನತಾಲಿಯಾ ಬಾಯಿ ತೆರೆಯುವಷ್ಟರಲ್ಲಿ ಮಧುಕರ ಮಗುವನ್ನು ಎತ್ತಿಕೊಂಡಿದ್ದ. ತಲೆಯ ಕೆಳಗೆ ಜೋಪಾನವಾಗಿ ಕೈಕೊಟ್ಟು, ನಿಧಾನವಾಗಿ ನಡೆದು ಹೋಗಿ, ಅದನ್ನು ಅತ್ತೆಯ ತೋಳುಗಳಲ್ಲಿ ಮಲಗಿಸಿದ.

"ಹೇಳಿ ಆಂಟಿ," ಎಂದ. ಯಾವ ಹೆಸರೆಂದು ಹೇಳಲಿಲ್ಲ.

ಹೆಲನ್ ಅವನ ಮುಖ ನೋಡಿದರು. ಆಮೇಲೆ ಬಾಗಿ ಮಗುವಿನ ಕಿವಿಗೆ ಬಾಯಿ ಹಚ್ಚಿದರು. ಜಾರಿದ ಸೆರಗು ಎರಡು ಮುಖಗಳನ್ನೂ ಮುಚ್ಚಿತು. ಕೆಳಗೆ ಮಟಾಟುಗಳ ಹಾರ್ನ್ ಸದ್ದು ಒಂದರ ಮೇಲೊಂದು ಏರುತ್ತಿತ್ತು.

"ವಾಟ್ ಡಿಡ್ ಶಿ ಸೇ?" ಮೆಲಿಸ್ಸಾ ಅಪ್ಪನನ್ನು ಕೇಳಿದಳು. "ಪಪ್ಪಾ, ವಾಟ್ ಡಿಡ್ ಶಿ ಸೇ?"

ಮಧುಕರ ಮಣೆಗೆ ಮರಳಿ, ಅಕ್ಕಿಯ ಪುಡಿ ಮೆತ್ತಿದ ಉಂಗುರವನ್ನು ಪಂಚೆಯ ಅಂಚಿನಿಂದ ಒರೆಸುತ್ತಿದ್ದ. ಸೆರಗಿನಡಿಯಿಂದ ಮಗುವಿನ ಒಂದು ಪುಟ್ಟ ಮುಷ್ಟಿ ಹೊರಬಂದು, ಗಾಳಿಯಲ್ಲಿ ಏನನ್ನೋ ಹುಡುಕಿ, ಬಿಚ್ಚಿಕೊಂಡಿತು.